ಎಂಟನೇ ಗೇರಿನ ಹರಕೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ‘ಹರಕೆ’ ಎನ್ನುವ ಮಾತು ಮೊಟ್ಟಮೊದಲು ಹೊರಟಿದ್ದು ನನ್ನ ಬಾಯಿಂದಲೇ. ಆಮೇಲೆ ಅದಕ್ಕೆ ಕೈಕಾಲು ಮೂಡಿಸಿದವರು ಬೇಕಾದಷ್ಟು ಜನ ಇದ್ದಾರೆ, ಅವರ ಹೆಸರನ್ನೂ ಹೇಳದೆ ಬಿಡುವುದಿಲ್ಲ. ಆದರೆ ಹೆತ್ತ ತಾಯಿ ನಾನೇ.

ನಮ್ಮ ಓಲ್ಸರಾಡೆಯಲ್ಲಿ ಶಿಲುಬೆ ದಿಣ್ಣೆ ಏರಲು ಶುರುವಾಗುವ ತಿರುವಿನಲ್ಲಿ ನನ್ನ ಕಾಫಿ-ಬಿಯರಿನ ಅಂಗಡಿ ಇದೆ. ಇಪ್ಪತ್ತಾರು ವರ್ಷದಿಂದ ಅದರ ಕಿಟಕಿಯ ಹಿಂದೆ ಕೂತು, ಯಾರು ಯಾವ ಗೇರಿಗೆ ಹಾಕುತ್ತಾರೆ, ಯಾರು ಎಲ್ಲಿ ಉಸಿರು ಬಿಡುತ್ತಾರೆ, ಯಾರು ಎಲ್ಲಿ ಇಳಿದು ಫೋನು ಬಂದವರಂತೆ ನಟಿಸುತ್ತಾರೆ ಎಂದು ನೋಡುವುದೇ ನನ್ನ ಕಸುಬು, ಕಾಫಿ ಮಾಡುವುದು ಅದರ ಜೊತೆಗಿನ ಕೆಲಸ. ಹೀಗಾಗಿ ಹಿಲ್ಕೆ ಪೋಸ್ಟ್ಮಾ ಅವರ ವಿಷಯದಲ್ಲಿ ನಾನು ತಪ್ಪು ಮಾಡಿದ್ದು ಅನುಭವ ಸಾಲದೆ ಅಲ್ಲ, ಹೆಚ್ಚಾಗಿ.

ಪೋಸ್ಟ್ಮಾ ಅವರು ನಮ್ಮ ದೇಶದ ಉತ್ತರ ತುದಿಯ ಬಯಲುಸೀಮೆ ಫ್ರೀಸ್‌ಲಾಂಡಿನವರು. ಅರವತ್ತಾರು ವರ್ಷ, ಬಾಗಿಲಿಗೆ ತಲೆ ತಗ್ಗಿಸಿ ಬರುವಷ್ಟು ಎತ್ತರ. ಜೀವಮಾನವೆಲ್ಲ ಅಲ್ಲಿಯ ನೀರೆತ್ತುವ ಪಂಪುಮನೆಯಲ್ಲಿ ಕಾಲುವೆಯ ಮಟ್ಟ ನೋಡುತ್ತಾ ಕಳೆದವರು. ಅವರ ಹೆಂಡತಿ ಫೀನ್ ನಮ್ಮೂರ ಹುಡುಗಿ. ಅವರು ಇಲ್ಲಿಗೆ ಬರುವ ಮುಂಚಿನ ಅಕ್ಟೋಬರ್ ಹದಿನಾಲ್ಕಕ್ಕೆ ತೀರಿಕೊಂಡಳು. ತನ್ನನ್ನು ದಿಣ್ಣೆಯ ಮೇಲೆ ಅಮ್ಮನ ಪಕ್ಕ ಮಲಗಿಸಿ ಎಂದು ಹೇಳಿ ಹೋಗಿದ್ದಳಂತೆ. ಹಾಗೇ ಮಾಡಿದರು. ಆಮೇಲೆ ಪೋಸ್ಟ್ಮಾ ಅವರಿಗೆ ಆ ಬಯಲಿನಲ್ಲಿ ಏನು ಮಾಡುವುದೆಂದು ತಿಳಿಯಲಿಲ್ಲ. ಫೆಬ್ರವರಿಯಲ್ಲಿ ಮನೆ ಮಾರಿ, ಬೇಕರಿಯ ಶೆಂಗ್‌ನ ಮನೆಯ ಹಿಂದಿರುವ ಮನೆಗೆ ಬಾಡಿಗೆಗೆ ಬಂದರು. ಸಾಮಾನು ಒಂದು ಸಣ್ಣ ಗಾಡಿ ತುಂಬಲಿಲ್ಲ.

ಸಮಾಧಿಯ ಅಂಗಳ ದಿಣ್ಣೆಯ ತುದಿಯಲ್ಲಿದೆ. ನಡೆದರೆ ಇಪ್ಪತ್ತೈದು ನಿಮಿಷ. ಆದರೆ ಫ್ರೀಸ್‌ಲಾಂಡಿನವರು ಅಂಗಳದ ಗೇಟು ಹಾಕಿ ಬರುವುದಕ್ಕೂ ಸೈಕಲ್ ತೆಗೆಯುವ ಜನ. ಪೋಸ್ಟ್ಮಾ ಅವರು ಮೊದಲ ವಾರವೇ ಪೇಟೆಗೆ ಹೋಗಿ ಒಂದು ಸೈಕಲ್ ಕೊಂಡರು. ಅದರ ಬಲಗೈ ಹಿಡಿಯಲ್ಲಿ ತಿರುಗಿಸುವ ಗೇರು, ಒಂದರಿಂದ ಎಂಟರವರೆಗೆ ಅಂಕಿ. ಅಂಗಡಿಯವನು, ಎಂಟು ಗೇರಿದೆ ಸಾರ್, ನಮ್ಮ ಕಡೆಯ ಯಾವ ದಿಣ್ಣೆಗೂ ಸಾಕು ಎಂದನಂತೆ. ಆ ಒಂದು ಮಾತನ್ನು ಪೋಸ್ಟ್ಮಾ ಅವರು ವೈದ್ಯರ ಚೀಟಿಯಂತೆ ಮನಸ್ಸಿನಲ್ಲಿಟ್ಟುಕೊಂಡರು. ಒಲೆಯಲ್ಲಿ ಒಂದಕ್ಕಿಟ್ಟರೆ ಸಣ್ಣ ಉರಿ, ಎಂಟಕ್ಕಿಟ್ಟರೆ ದೊಡ್ಡ ಉರಿ. ರೇಡಿಯೋ ಹಾಗೇ, ಪಂಪುಮನೆಯ ಪಂಪೂ ಹಾಗೇ. ಸೈಕಲ್ ಮಾತ್ರ ಬೇರೆ ಕಾನೂನು ಪಾಲಿಸುತ್ತದೆ ಎಂದು ಊಹಿಸುವುದಕ್ಕೆ ಅವರಿಗೆ ಕಾರಣವಿರಲಿಲ್ಲ. ಅವರ ಊರಿನಲ್ಲಿದ್ದ ಹಳೆಯ ಸೈಕಲ್‌ಗೆ ಮೂರು ಗೇರಿತ್ತು. ಅವರಪ್ಪ ಮೂರಕ್ಕೆ ಹಾಕಿ ಕೊಟ್ಟಿದ್ದರು, ಅದು ಮೂರರಲ್ಲೇ ತುಕ್ಕು ಹಿಡಿದಿತ್ತು.

ದಿಣ್ಣೆಯೇ ಇಲ್ಲದ ಊರಿನವರಿಗೆ ಗಾಳಿಯೇ ದಿಣ್ಣೆ. ಎದುರುಗಾಳಿ ಬಂದರೆ ಕಷ್ಟ, ಬೆನ್ನಗಾಳಿ ಬಂದರೆ ಸುಖ, ಇಷ್ಟೇ ಅವರ ಭೂಗೋಳ. ಪೋಸ್ಟ್ಮಾ ಅವರು ದಿನಾ ಬೆಳಿಗ್ಗೆ ಹತ್ತಕ್ಕೆ ನನ್ನ ಅಂಗಡಿಯ ಮುಂದೆ ನಿಂತು, ತೋರುಬೆರಳು ನಾಲಿಗೆಗೆ ತಾಗಿಸಿ ಮೇಲೆತ್ತುವರು. ಇಗರ್ಜಿಯ ಗೋಪುರದ ಮೇಲಿನ ತಗಡಿನ ಹುಂಜ ಯಾವ ಕಡೆ ಮುಖ ಮಾಡಿದೆ ಎಂದು ನೋಡುವರು. ಗಾಳಿ ಬೆನ್ನ ಕಡೆಯಿಂದ ಎಂದು ಖಾತ್ರಿಯಾದರೆ ಮುಖದಲ್ಲಿ ಒಂದು ಭರವಸೆ. ಗೇರನ್ನು ಕಟಕಟನೆ ಎಂಟಕ್ಕೆ ತಿರುಗಿಸಿ, ಇಡೀ ದೇಹ ಒಂದು ಪೆಡಲಿನ ಮೇಲೆ ಹೇರಿ ಹೊರಡುವರು. ಐವತ್ತು ಮಾರು ದೂರದ ಲಿಂಡೆನ್ ಮರದ ಹತ್ತಿರ ಸೈಕಲ್ ಯೋಚನೆಗೆ ಬಿದ್ದಂತೆ ನಿಂತುಬಿಡುತ್ತಿತ್ತು. ಅಲ್ಲಿ ಇಳಿದು, ಒಂದು ಕ್ಷಣ ತಲೆ ತಗ್ಗಿಸಿ, ಆಮೇಲೆ ತಳ್ಳಿಕೊಂಡು ಹೋಗುವರು. ತಲೆ ತಗ್ಗಿಸಿದ್ದು ಏದುಸಿರು ಇಳಿಯಲೆಂದು. ಕಿಟಕಿಯಿಂದ ಅದು ಹಾಗೆ ಕಾಣುತ್ತಿರಲಿಲ್ಲ.

ವಾಪಸು ಬರುವುದು ಇನ್ನೂ ಸೊಗಸು. ಇಳಿಜಾರಿಗೆ ಶಕ್ತಿ ಬೇಡವಲ್ಲ, ಅದಕ್ಕೆ ಗೇರನ್ನು ಒಂದಕ್ಕೆ ಹಾಕುವರು. ಎರಡು ಕಾಲೂ ಮೊಟ್ಟೆ ಕಡೆಯುವ ಯಂತ್ರದ ಹಾಗೆ ಗಿರಗಿರ ತಿರುಗುವುವು, ಪೆಡಲಿಗೆ ಏನೂ ಸಿಗದು. ಒಂದನೇ ಗೇರು ಶುದ್ಧ ನಿಷ್ಪ್ರಯೋಜಕ ಎಂದು ಅವರು ತೀರ್ಮಾನಿಸಿದ್ದು ಅಲ್ಲೇ. ನಾವು ತೀರ್ಮಾನಿಸಿದ್ದು, ಪಾಪ, ಸಮಾಧಿ ನೋಡಿ ಬಂದಮೇಲೆ ಮನುಷ್ಯನಿಗೆ ಕೈಕಾಲು ಸ್ವಾಧೀನದಲ್ಲಿರುವುದಿಲ್ಲ ಎಂದು.

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಬೇಕರಿಯ ಶೆಂಗ್ ನನ್ನ ಕಿಟಕಿಯ ಹತ್ತಿರ ನಿಂತು ಕಾಫಿ ಕುಡಿಯುತ್ತಿದ್ದ.

“ಯಾನೆಟ್, ಎಂಟು ಗೇರಿನ ಸೈಕಲ್ ಇಟ್ಕೊಂಡು ಈ ಮನುಷ್ಯ ಯಾಕೆ ದಿನಾ ತಳ್ಕೊಂಡು ಹೋಗ್ತಾರೆ?”

“ಹರಕೆ ಇರ್ಬೇಕು ಕಣೋ,” ಎಂದೆ ನಾನು, ಲೋಟ ಒರೆಸುತ್ತಾ.

ಅಷ್ಟೇ ನಾನಂದದ್ದು. ಶೆಂಗ್ ಗಟ್ಟಿ ಆಳು, ಹಿಟ್ಟು ಚೂರು ಸಿಕ್ಕಿದರೆ ಉಬ್ಬಿಸುವುದು ಅವನ ವೃತ್ತಿ. ನಮ್ಮಲ್ಲಿ ಹಿಂದೆ ಕಾಯಿಲೆ ವಾಸಿಯಾದವರು, ಯುದ್ಧದಿಂದ ಮಗ ಮರಳಿದವರು ದಿಣ್ಣೆಯ ನಡುವಿನ ಶಿಲುಬೆಯವರೆಗೆ ಬರಿಗಾಲಲ್ಲಿ ನಡೆಯುವ ಪದ್ಧತಿ ಇತ್ತು. ಶೆಂಗ್ ಅದನ್ನು ನೆನಪು ಮಾಡಿದ. ಮಧ್ಯಾಹ್ನದ ಹೊತ್ತಿಗೆ, ಫೀನ್ ಚಿಕ್ಕವಳಿದ್ದಾಗ ಇದೇ ಲಿಂಡೆನ್ ಮರದ ಹತ್ತಿರ ಸೈಕಲ್ ಇಳಿಯುತ್ತಿದ್ದಳು ಎಂದು ಅವನಿಗೆ ನೆನಪಾಯಿತು. ಸಂಜೆಯ ಹೊತ್ತಿಗೆ, ಅವಳು ಸಾಯುವಾಗ ಗಂಡನ ಕೈ ಹಿಡಿದು ಏನು ಮಾತು ತೆಗೆದುಕೊಂಡಳು ಎನ್ನುವುದು ಕೂಡ ಊರಿಗೆಲ್ಲ ಗೊತ್ತಾಗಿತ್ತು. ಅವಳು ಪ್ರಾಣಬಿಟ್ಟದ್ದು ಇಲ್ಲಿಂದ ಮುನ್ನೂರು ಕಿಲೋಮೀಟರ್ ದೂರದಲ್ಲಿ ಎನ್ನುವುದು ಯಾರಿಗೂ ಅಡ್ಡಿಯಾಗಲಿಲ್ಲ.

ಹರಕೆ ಹೊತ್ತವರನ್ನು ಮಾತನಾಡಿಸಬಾರದು, ಅದು ನಮ್ಮ ಕಡೆಯ ನಿಯಮ. ಅಂದಿನಿಂದ ಊರು ಪೋಸ್ಟ್ಮಾ ಅವರಿಗೆ ತೋರಿಸಿದ ಗೌರವ ಸಾಮಾನ್ಯದ್ದಲ್ಲ. ಅವರು ಎದುರಾದರೆ ಗಂಡಸರು ಟೋಪಿ ತೆಗೆದು ರಸ್ತೆಯ ಅಂಚಿಗೆ ಸರಿದರು. ಶೆಂಗ್ ತನ್ನ ರೊಟ್ಟಿ ವ್ಯಾನಿನ ಇಂಜಿನ್ ಆರಿಸಿ ಕಾದ. ಬೇಕರಿಯಲ್ಲಿ ಅವರು ಸರದಿಯಲ್ಲಿ ನಿಂತರೆ ಸರದಿಯೇ ಕರಗಿಹೋಗುತ್ತಿತ್ತು. ನನ್ನ ಅಂಗಡಿಗೆ ಬಂದರೆ ನಗು ನಿಲ್ಲುವುದು, ಇಸ್ಪೀಟಿನ ಎಲೆ ಬೋರಲಾಗುವುದು. ಮೂಲೆಯ ಮೇಜು ಖಾಲಿ ಮಾಡಿಸಿ, ಕೇಳುವ ಮುಂಚೆ ಕಾಫಿ ಮತ್ತು ಚೆರ್ರಿ ಹಣ್ಣು ತುಂಬಿ ಬೇಯಿಸಿದ ನಮ್ಮ ಕಡೆಯ ವ್ಲಾಯ್ ಕೇಕಿನ ತುಂಡು ಇಟ್ಟು, ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬರುತ್ತಿದ್ದೆ ನಾನು. ಒಮ್ಮೆ ಅವರು ಶೆಂಗ್‌ನನ್ನು ನೋಡಿ ಇವತ್ತು ಗಾಳಿ ನೈರುತ್ಯದಿಂದ ಅಲ್ಲವೇ ಎಂದರು. ಶೆಂಗ್ ಎದೆಯ ಮೇಲೆ ಕೈಯಿಟ್ಟು, ಕಣ್ಣು ತುಂಬಿಸಿಕೊಂಡು, ಒಂದೂ ಮಾತಾಡದೆ ಹೊರಗೆ ಹೋಗಿಬಿಟ್ಟ. ಅವನಿಗೆ ಅಂದು ತನ್ನ ಬಗ್ಗೆಯೇ ಬಹಳ ಹೆಮ್ಮೆಯಾಯಿತು.

ಫಾದರ್ ವೈನಾಂಟ್ ಭಾನುವಾರದ ಪ್ರವಚನದಲ್ಲಿ, ನಮ್ಮ ನಡುವೆ ಒಬ್ಬರಿದ್ದಾರೆ, ನಮ್ಮ ಇಗರ್ಜಿಯವರೂ ಅಲ್ಲ, ಆದರೂ ಎಂಟು ಗೇರಿನ ಸುಖವನ್ನು ತ್ಯಜಿಸಿ ನಡೆಯುತ್ತಾರೆ ಎಂದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ಅದು ಪುರಸಭೆಯ ಕಿವಿಗೆ ಬಿತ್ತು. ಜೂನ್‌ನಲ್ಲಿ ಪೆನ್ನಿಂಗ್ಸ್ ಎಂಬ ಅಧಿಕಾರಿ ಅಳತೆಯ ಟೇಪು ಹಿಡಿದು ಬಂದು, ತ್ಯಾಗ ಶುರುವಾಗುವ ಜಾಗ ನಿಖರವಾಗಿ ಎಲ್ಲಿ ಎಂದು ನನ್ನನ್ನು ಕೇಳಿದ. ನಾನು ಮರ ತೋರಿಸಿದೆ. ಎರಡು ವಾರದಲ್ಲಿ ಅಲ್ಲಿ ನೀಲಿ ಫಲಕ ಬಂತು: ‘ಸೈಕಲ್ ತಳ್ಳುವವರನ್ನು ಗೌರವಿಸಿ. ಮೌನವಿರಲಿ.’

ಆ ಫಲಕದ ಮುಂದೆ ಪೋಸ್ಟ್ಮಾ ಅವರು ಬಹಳ ಹೊತ್ತು ನಿಂತಿದ್ದನ್ನು ನಾವೆಲ್ಲ ಕಿಟಕಿಯಿಂದ ನೋಡಿದೆವು. ಮನಸ್ಸು ತುಂಬಿ ಬಂದಿದೆ ಎಂದು ಶೆಂಗ್ ಮೂಗು ಒರೆಸಿಕೊಂಡ.

ಮನಸ್ಸು ತುಂಬಿದ್ದು ನಿಜ, ಆದರೆ ನಾವಂದುಕೊಂಡದ್ದರಿಂದಲ್ಲ. ಇದೆಲ್ಲ ಮುಗಿದು ಎಷ್ಟೋ ದಿನದ ಮೇಲೆ ಅವರು ನನ್ನ ಅಂಗಡಿಯ ಕಟ್ಟೆಗೆ ಮೊಣಕೈಯೂರಿ ಎಲ್ಲ ಹೇಳಿದರು. ಸೈಕಲ್ ಹೊಡೆಯಲು ಬಾರದ ಫ್ರೀಸ್‌ಲಾಂಡಿನವನು ಎಂದು ಊರು ನಗುತ್ತಿದೆ, ಅದಕ್ಕೇ ಯಾರೂ ಮಾತಾಡಿಸುವುದಿಲ್ಲ, ಹೋಗಲಿ ಎಂದರೆ ಈಗ ಸರ್ಕಾರವೂ ಸೇರಿಕೊಂಡು ಬೋರ್ಡು ಹಾಕಿದೆ ಎಂದು ಅವರು ತಿಳಿದಿದ್ದರು. ಮಾರ್ಚ್‌ನಿಂದ ಅವರ ಜೊತೆ ಎರಡು ವಾಕ್ಯ ಕೂಡಿಸಿ ಮಾತಾಡಿದವರು ಒಬ್ಬರೂ ಇರಲಿಲ್ಲ. ಫೀನ್ ಹೋದಮೇಲೆ ಹಿಲ್ಕೆ ಎಂದು ಕರೆದವರೂ ಇಲ್ಲ. ಒಂದು ಮಧ್ಯಾಹ್ನ ಆಲೂಗಡ್ಡೆ ಸಿಪ್ಪೆ ತೆಗೆಯುತ್ತಾ ತಮ್ಮ ಹೆಸರನ್ನು ತಾವೇ ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದರಂತೆ. ಅಡುಗೆಮನೆಯಲ್ಲಿ ಅದು ಬೇರೆ ಯಾರದೋ ಹೆಸರಿನ ಹಾಗೆ ಕೇಳಿತಂತೆ. ಅದನ್ನು ಅವರು ತಮಾಷೆಯಾಗಿ ಹೇಳಿದರು. ನನಗೆ ನಗು ಬರಲಿಲ್ಲ, ಇವತ್ತಿಗೂ ಬರುವುದಿಲ್ಲ.

ಆದ್ದರಿಂದ ಅವರು ಒಂದು ನಿರ್ಧಾರ ಮಾಡಿದರು. ಫೀನ್‌ಳ ವರ್ಷದ ದಿನದೊಳಗೆ, ಎಲ್ಲರ ಕಣ್ಣೆದುರಿಗೆ, ಆ ದಿಣ್ಣೆಯನ್ನು ಇಳಿಯದೆ ಹತ್ತಬೇಕು. ಹತ್ತಿದರೆ ಯಾರಾದರೂ ಒಬ್ಬರು ಹೆಸರು ಹಿಡಿದು ಮಾತಾಡಿಸಬಹುದು. ಇಲ್ಲದಿದ್ದರೆ ಮತ್ತೆ ಬಯಲಿಗೇ ಹೋಗಿಬಿಡುವುದು, ಫೀನ್‌ಳನ್ನು ಇಲ್ಲೇ ಬಿಟ್ಟು. ಸರಪಳಿಗೆ ಎಣ್ಣೆ ಬಿಟ್ಟರು. ಟೈರಿಗೆ ಕಲ್ಲಿನಂತೆ ಗಾಳಿ ತುಂಬಿದರು. ಸಮಾಧಿಗೆ ಒಯ್ಯುವ ಹೂವಿನ ಕುಂಡದಿಂದ, ಭಾರ ತಗ್ಗಲೆಂದು, ಅರ್ಧ ಮಣ್ಣು ತೆಗೆದರು. ಬೆಳಿಗ್ಗೆ ಮೂರರ ಬದಲು ಐದು ದೋಸೆಯಂಥ ಪ್ಯಾನ್‌ಕೇಕ್ ತಿಂದರು. ಗೇರು ಮಾತ್ರ ಎಂಟು. ಸೆಪ್ಟೆಂಬರ್ ಕೊನೆಗೆ ಲಿಂಡೆನ್ ಮರದಿಂದ ಹನ್ನೊಂದು ಹೆಜ್ಜೆ ಮುಂದಕ್ಕೆ ಹೋಗುವಷ್ಟಾದರು, ಮಂಡಿ ಊದಿತು.

ಆಗ ಬಂದಳು ಟಿಲ್ಲತ್ತೆ. ವಯಸ್ಸು ಎಪ್ಪತ್ತೊಂಬತ್ತು, ಊರಿಗೆಲ್ಲ ಅತ್ತೆ. ಸೊಂಟದ ಆಪರೇಷನ್ ಮಾಡಿಸಿಕೊಂಡು ಏಳು ತಿಂಗಳು ಮಗಳ ಮನೆಯಲ್ಲಿದ್ದು ಆಗಷ್ಟೇ ಮರಳಿದ್ದಳು. ಹರಕೆಯ ಸುದ್ದಿ ಕೇಳದ ಒಂದೇ ಒಂದು ಜೀವ ಅವಳು. ಹೊಸ ಸೊಂಟದಲ್ಲಿ, ಬುಟ್ಟಿ ತುಂಬ ಲೀಕ್ ಸೊಪ್ಪು ಇಟ್ಟುಕೊಂಡು, ಹಳೇ ಸೈಕಲ್ ಮೇಲೆ ಸಣ್ಣ ಸಣ್ಣ ತುಳಿತದಲ್ಲಿ ಅವರನ್ನು ದಾಟಿ ಹೋದವಳು, ರಸ್ತೆಯ ದಡಕ್ಕೆ ಒಂದು ಕಾಲು ಕೊಟ್ಟು ನಿಂತಳು.

“ಏನಪ್ಪಾ, ಸೈಕಲ್‌ಗೆ ಹುಷಾರಿಲ್ವಾ?”

ಮಾತಾಡಿಸಿದ್ದು ತಮ್ಮನ್ನೇ ಎಂದು ತಿಳಿಯಲು ಪೋಸ್ಟ್ಮಾ ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ಸೈಕಲ್ ಚೆನ್ನಾಗೇ ಇದೆ, ಕಾಲು ಸಾಲುತ್ತಿಲ್ಲ ಎಂದರು. ಟಿಲ್ಲತ್ತೆ ಬಗ್ಗಿ ಹಿಡಿಯ ಮೇಲಿನ ಅಂಕಿ ನೋಡಿದಳು.

“ಎಂಟರಲ್ಲಿ ಇಟ್ಟಿದ್ದೀಯಲ್ಲೋ.”

“ಹೌದು. ಅದಕ್ಕಿಂತ ಮೇಲೆ ಇಲ್ವಲ್ಲಾ.”

ಟಿಲ್ಲತ್ತೆ ನಗಲಿಲ್ಲ. ಅವಳ ದೊಡ್ಡತನ ಅದು, ನಾನಾಗಿದ್ದರೆ ನಕ್ಕು ನಕ್ಕು ಚರಂಡಿಗೆ ಬಿದ್ದಿರುತ್ತಿದ್ದೆ. ಅವಳು ರಸ್ತೆಯ ಅಂಚಿನಲ್ಲೇ ಪಾಠ ಶುರು ಮಾಡಿದಳು.

“ನೋಡು, ಅಂಕಿ ಇರೋದು ಶಕ್ತಿಗಲ್ಲ. ಒಂದು ತುಳಿತಕ್ಕೆ ಎಷ್ಟು ದೂರ ಹೋಗ್ತೀಯ ಅನ್ನೋದಕ್ಕೆ. ಎಂಟು ಅಂದ್ರೆ ಆಲೂಗಡ್ಡೆ ಮೂಟೆ ಪೂರ್ತಿ ಒಂದೇ ಸಲ ಹೊತ್ಕೊಂಡು ಹತ್ತಿದಂಗೆ. ಒಂದು ಅಂದ್ರೆ ಅದನ್ನೇ ಬುಟ್ಟಿ ಬುಟ್ಟಿಯಾಗಿ ಸಾಗಿಸಿದಂಗೆ. ಓಡಾಟ ಜಾಸ್ತಿ, ಆದ್ರೆ ಸೊಂಟ ಉಳಿಯತ್ತೆ.”

ಒಂದರಲ್ಲಿ ಪೆಡಲಿಗೆ ಏನೂ ಸಿಗುವುದಿಲ್ಲವಲ್ಲ ಎಂದು ಪೋಸ್ಟ್ಮಾ ಅವರು ವಾದಿಸಿದರು. ಯಾವಾಗ ಹಾಕಿ ನೋಡಿದೆ ಎಂದಳು. ಇಳಿಯುವಾಗ ಎಂದರು. ಟಿಲ್ಲತ್ತೆ ಸ್ವಲ್ಪ ಹೊತ್ತು ಲೀಕ್ ಸೊಪ್ಪನ್ನೇ ನೋಡುತ್ತಾ ನಿಂತಳು.

“ಫೀನ್ ಗಂಡ ಅಲ್ವಾ ನೀನು? ಅವಳು ನಿಂಗೆ ಹೇಳ್ಕೊಡ್ಲಿಲ್ವಾ? ದಿಣ್ಣೆ ಬಂದಮೇಲೆ ಒದ್ದಾಡೋದಲ್ಲ, ಕಣ್ಣಿಗೆ ಕಂಡಾಗ್ಲೇ ಗೇರು ಇಳಿಸ್ಕೊಬೇಕು. ಇಳಿಸ್ವಾಗ ಒಂದು ಗಳಿಗೆ ಕಾಲು ಹಗುರ ಮಾಡು. ಮಧ್ಯೆ ಮಾತ್ರ ನಿಲ್ಬೇಡ, ನಿಂತ್ರೆ ಮತ್ತೆ ಹೊರಡಕ್ಕಾಗಲ್ಲ. ಅಷ್ಟೇ.”

ಮರುದಿನದಿಂದ ಅವರು ಬೇಕರಿಯ ಹಿಂದಿನ ಹೊಲದ ಏರಿನಲ್ಲಿ ಯಾರಿಗೂ ಕಾಣದಂತೆ ಅಭ್ಯಾಸ ಮಾಡಿದರು. ಮೊದಲ ಸಲ ಒಂದನೇ ಗೇರಿನಲ್ಲಿ ಆ ಏರನ್ನು ಹತ್ತಿ ತುದಿ ಮುಟ್ಟಿದಾಗ ಖುಷಿಗಿಂತ ಬೇರೆ ಏನೋ ಆಯಿತಂತೆ. ಬಯಲಿನಲ್ಲಿ ಎದುರುಗಾಳಿ ಎದ್ದಾಗಲೆಲ್ಲ ಫೀನ್ ತನ್ನ ಸೈಕಲ್ಲನ್ನು ಒಂದಕ್ಕೆ ಹಾಕಿ ಹೀಗೇ ಪುಟಪುಟನೆ ತುಳಿಯುತ್ತಿದ್ದಳು. ಇವರು ಮೂರರಲ್ಲಿ ಹಲ್ಲು ಕಚ್ಚಿ ಮುಂದೆ ಹೋಗಿ, ಕಾಲುವೆಯ ಸೇತುವೆಯ ಮೇಲೆ ಗಡಿಯಾರ ನೋಡುತ್ತಾ ನಿಲ್ಲುತ್ತಿದ್ದರು. ಅವಳು ಹಿಂದಿನಿಂದ ಏನೇನೋ ಕೂಗಿ ಹೇಳುತ್ತಲೇ ಬರುತ್ತಿದ್ದಳು. ಮಾತಾಡಲು ಅವಳಿಗೆ ಉಸಿರಿತ್ತು, ಕೇಳಿಸಿಕೊಳ್ಳಲು ಇವರು ಹತ್ತಿರ ಇರಲಿಲ್ಲ.

ಅತ್ತ ಊರು ಸುಮ್ಮನೆ ಕೂತಿರಲಿಲ್ಲ. ವರ್ಷದ ದಿನ ಆ ಮನುಷ್ಯ ಒಬ್ಬನೇ ತಳ್ಳಿಕೊಂಡು ಹೋಗಬಾರದು ಎಂದು ಫಾದರ್ ಹೇಳಿದ್ದರು. ಅಕ್ಟೋಬರ್ ಹದಿನಾಲ್ಕರ ಬೆಳಿಗ್ಗೆ ಹತ್ತಕ್ಕೆ ಐದು ನಿಮಿಷವಿರುವಾಗ ನನ್ನ ಅಂಗಡಿಯ ಮುಂದೆ ಮೂವತ್ತೇಳು ಜನ ಸೈಕಲ್ ಹಿಡಿದು ಎರಡು ಸಾಲಾಗಿ ನಿಂತಿದ್ದೆವು. ಫಾದರ್ ತಮ್ಮ ಕರಿ ಸೈಕಲ್ ತಂದಿದ್ದರು. ಶೆಂಗ್ ಕೋಟು ಹಾಕಿದ್ದ. ಪೆನ್ನಿಂಗ್ಸ್ ಎಲ್ಲಿಂದಲೋ ಎರವಲು ತಂದ ಹೆಂಗಸರ ಸೈಕಲ್ ಹಿಡಿದು ಸರ್ಕಾರದ ಪರವಾಗಿ ಗಂಭೀರವಾಗಿದ್ದ. ಟಿಲ್ಲತ್ತೆಗೆ ವಿಷಯ ಏನೆಂದು ಯಾರೂ ಹೇಳಿರಲಿಲ್ಲ, ಜನ ಸೇರಿದ್ದಾರೆಂದು ಅವಳೂ ಬಂದಿದ್ದಳು. ಎಲ್ಲರೂ ತಲೆ ತಗ್ಗಿಸಿದೆವು.

ತಿರುವಿನಲ್ಲಿ ಗಂಟೆಯ ಸದ್ದಾಯಿತು. ಪೋಸ್ಟ್ಮಾ ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ದಿಣ್ಣೆ ಕಂಡ ತಕ್ಷಣ ಗೇರನ್ನು ಒಂದಕ್ಕಿಳಿಸಿ, ಮುಖ ಅರಳಿಸಿಕೊಂಡು, ಕಾಲು ಗಿರಗಿರ ತಿರುಗಿಸುತ್ತಾ ಬಂದರು. ನಮ್ಮನ್ನು ನೋಡಿದರು. ಯಾರದೋ ಶವಸಂಸ್ಕಾರಕ್ಕೆ ಅಡ್ಡ ಬಂದೆ ಎಂದುಕೊಂಡರಂತೆ. ಆದರೆ ದಿಣ್ಣೆಯಲ್ಲಿ ಒಮ್ಮೆ ನಿಂತರೆ ಮತ್ತೆ ಹೊರಡಲಾಗದು ಎಂದು ಟಿಲ್ಲತ್ತೆ ಎಚ್ಚರಿಸಿದ್ದಳಲ್ಲ. ಕ್ಷಮಿಸಿ, ಕ್ಷಮಿಸಿ ಎನ್ನುತ್ತಾ ಎರಡು ಸಾಲಿನ ನಡುವೆಯೇ ತುಳಿದುಕೊಂಡು ಹೋದರು. ಲಿಂಡೆನ್ ಮರ ದಾಟಿತು. ನೀಲಿ ಫಲಕ ದಾಟಿತು. ಅವರು ಇಳಿಯಲಿಲ್ಲ.

ಮೂವತ್ತೇಳು ಬಾಯಿ ತೆರೆದೇ ಇದ್ದವು. ಏಳು ತಿಂಗಳು ಕಾಪಾಡಿದ ಹರಕೆ, ಅದೂ ವರ್ಷದ ದಿನವೇ. ಪೆನ್ನಿಂಗ್ಸ್ ಫಲಕವನ್ನೇ ನೋಡುತ್ತಿದ್ದ. ಶೆಂಗ್‌ಗೆ ತಡೆಯಲಾಗಲಿಲ್ಲ. ಗೌರವ, ಮೌನ ಎಲ್ಲ ಮರೆತು, ಹಿತ್ತಲಾಚೆಯ ನೆರೆಯವನನ್ನು ಕೂಗುವಂತೆಯೇ ಕೂಗಿದ.

“ಹಿಲ್ಕೆ! ಏನ್ ಮಾಡ್ತಿದ್ದೀಯೋ?”

ಶಿಲುಬೆಗೆ ಇನ್ನು ಹತ್ತು ಮಾರಿತ್ತು. ಹತ್ತಿಬಿಡಬಹುದಿತ್ತು. ಪೋಸ್ಟ್ಮಾ ಅವರು ತುಳಿಯುವುದನ್ನು ನಿಲ್ಲಿಸಿಬಿಟ್ಟರು. ಸೈಕಲ್ ಒಂದು ಕ್ಷಣ ಹಾಗೇ ನಿಂತು ಪಕ್ಕಕ್ಕೆ ವಾಲಿ, ಅವರನ್ನು ಹುಲ್ಲಿನ ದಡದ ಮೇಲೆ ಮಲಗಿಸಿತು. ನಾವು ಸೈಕಲ್ ತಳ್ಳಿಕೊಂಡು ಓಡಿದೆವು. ಅವರು ಹುಲ್ಲಿನಲ್ಲಿ ಕೂತು ಶೆಂಗ್‌ನನ್ನೇ ನೋಡುತ್ತಿದ್ದರು.

“ಏನಂದ್ರಿ?” ಎಂದರು. “ಇನ್ನೊಂದ್ಸಲ ಅನ್ನಿ.”

ಶೆಂಗ್ ತನ್ನ ತಪ್ಪು ಹೊಳೆದು ಹಿಂದಕ್ಕೆ ಸರಿದ. ಫಾದರ್ ಮುಂದೆ ಬಂದು, ಹರಕೆ ಮುಗಿಯಿತೇ ಎಂದು ಮೆಲ್ಲಗೆ ಕೇಳಿದರು.

“ಯಾವ ಹರಕೆ?”

“ಇಷ್ಟು ದಿನ ಇಳಿದು ತಳ್ಕೊಂಡು ಹೋಗ್ತಿದ್ರಲ್ಲ, ಅದು.”

“ಅದು ಎಂಟನೇ ಗೇರು, ಫಾದರ್.”

ಮೂವತ್ತಾರು ತಲೆಗಳು ನನ್ನ ಕಡೆ ತಿರುಗಿದವು. ನನ್ನ ಸೈಕಲ್‌ನ ಗಂಟೆಯಲ್ಲಿ ಏನೋ ದೋಷವಿತ್ತು, ಅದನ್ನು ಪರೀಕ್ಷಿಸುವುದರಲ್ಲಿ ನಾನು ಮುಳುಗಿದ್ದೆ. ಟಿಲ್ಲತ್ತೆ ಒಬ್ಬಳೇ ಆಗ ನಗಲು ಶುರು ಮಾಡಿದಳು, ಅಂದು ಲೀಕ್ ಸೊಪ್ಪಿನ ಹತ್ತಿರ ತಡೆದಿಟ್ಟುಕೊಂಡಿದ್ದ ನಗು ಅದು. ಫಾದರ್ ಪಾಪ, ತಮ್ಮ ಪ್ರವಚನವನ್ನು ನೆನೆದು ಕೆಂಪಾದರು.

ಪೋಸ್ಟ್ಮಾ ಅವರು ನಗಲಿಲ್ಲ. “ಮೂವತ್ತೊಂದು ವರ್ಷ ಸೇತುವೆ ಮೇಲೆ ಅವಳಿಗೆ ಕಾದಿದ್ದೀನಿ,” ಎಂದರು, ಯಾರಿಗೆಂದಲ್ಲ. “ಅವಳು ಒಂದರಲ್ಲಿ ಬರ್ತಿದ್ಲು. ಯಾಕೆ ನಿಧಾನ ಅಂತ ಬೈದಿದ್ದೀನಿ. ಆ ಗೇರಲ್ಲಿ ಒಂದಿನ ಅವಳ ಪಕ್ಕ ಬರ್ಲಿಲ್ಲ ನಾನು.”

ಈ ಸಲದ ಮೌನ ಫಲಕ ಹೇಳಿದ್ದಕ್ಕಲ್ಲ. ಶೆಂಗ್ ಕೈ ಕೊಟ್ಟು ಅವರನ್ನು ಎಬ್ಬಿಸಿದ, ಕೋಟಿನ ತೋಳಿನಿಂದ ಅವರ ಬೆನ್ನಿನ ಹುಲ್ಲು ಕೊಡವಿದ.

“ನಡಿ ಹಿಲ್ಕೆ,” ಎಂದ. “ಇಲ್ಲಿಂದ ಯಾರಿಗೂ ಹತ್ತಕ್ಕಾಗಲ್ಲ. ತಳ್ಕೊಂಡೇ ಹೋಗೋಣ.”

ಮೂವತ್ತೆಂಟು ಜನ ತಳ್ಳಿಕೊಂಡು ಹೋದೆವು. ಏಳು ತಿಂಗಳು ಕೂಡಿಟ್ಟ ಮಾತುಗಳನ್ನು ಎಲ್ಲರೂ ಒಟ್ಟಿಗೇ ಆಡಿದೆವು. ಗಾಳಿ ನೈರುತ್ಯದಿಂದ ಹೌದೋ ಅಲ್ಲವೋ ಎಂದು ಶೆಂಗ್ ಈಗ ಉತ್ತರ ಕೊಟ್ಟ.

ನೀಲಿ ಫಲಕ ಇನ್ನೂ ಅಲ್ಲೇ ಇದೆ. ಹಾಕಲು ಒಂದು ಅರ್ಜಿ ಸಾಕಾಗಿತ್ತು, ತೆಗೆಯಲು ನಾಲ್ಕು ಬೇಕಂತೆ. ಹೊರಗಿನಿಂದ ಬರುವ ಬಣ್ಣಬಣ್ಣದ ಅಂಗಿಯ ಸವಾರರು ಅದನ್ನು ಓದಿ, ಇಳಿದು, ಕಾರಣ ತಿಳಿಯದೆ ಭಕ್ತಿಯಿಂದ ತಳ್ಳಿಕೊಂಡು ಹೋಗುತ್ತಾರೆ. ನಾನು ಏನೂ ಹೇಳುವುದಿಲ್ಲ, ಬುದ್ಧಿ ಬಂದಿದೆ.

ಗುರುವಾರ ಬೇಕರಿಗೆ ರಜೆ. ಅಂದು ನಾವು ಏಳೆಂಟು ಜನ ಹತ್ತಕ್ಕೆ ಒಟ್ಟಿಗೆ ಹೊರಡುತ್ತೇವೆ. ಶೆಂಗ್ ದೊಡ್ಡ ಗೇರಿನಲ್ಲಿ ಮೊದಲು ಹೋಗಿ ಶಿಲುಬೆಯ ಹತ್ತಿರ ನಿಂತು, “ಹಿಲ್ಕೆ, ಬಾರೋ, ಮಧ್ಯಾಹ್ನ ಆಯ್ತು,” ಎಂದು ಗಡಿಯಾರ ತೋರಿಸಿ ರೇಗುತ್ತಾನೆ. ಪೋಸ್ಟ್ಮಾ ಅವರು ಎರಡಕ್ಕೆ, ಮೂರಕ್ಕೆ ಏರಿಸಿದರೆ ಬೇಗ ಬರಬಹುದು, ಕಾಲಿಗೆ ಅಷ್ಟು ಬಲ ಈಗ ಬಂದಿದೆ. ಏರಿಸುವುದಿಲ್ಲ. ಒಂದರಲ್ಲೇ ಪುಟಪುಟ ತುಳಿಯುತ್ತಾ, ಏನಾದರೂ ಹೇಳುತ್ತಾ ಎಲ್ಲರಿಗಿಂತ ಕೊನೆಗೆ ಬರುತ್ತಾರೆ.

ತುದಿಯಲ್ಲಿ, ಸಮಾಧಿಯ ಅಂಗಳದ ಬಾಗಿಲಲ್ಲಿ, ಒಂದು ಕಾಲೂರಿ ನಿಲ್ಲುತ್ತಾರೆ. ಆಮೇಲೆ ಹಿಂದಕ್ಕೆ ತಿರುಗಿ ಬಂದ ರಸ್ತೆಯನ್ನು ತಿರುವಿನವರೆಗೂ ಒಂದು ಸಲ ನೋಡುತ್ತಾರೆ, ಸೇತುವೆಯ ಮೇಲಿನ ಅಭ್ಯಾಸ. ಕೊನೆಯವರು ಅವರೇ, ಹಿಂದೆ ಬರುವವರು ಯಾರೂ ಇಲ್ಲ. ಅವರು ನೋಡಿ ಮುಗಿಸುವವರೆಗೆ ನಾವು ಕಾಯುತ್ತೇವೆ. ಶೆಂಗ್ ಕೂಡ ಗಡಿಯಾರ ನೋಡುವುದಿಲ್ಲ.